ಅಪ್‌ಡೇಟ್: ಬಿಯರ್ ಹುದುಗಿ ಮುಗಿದಿತ್ತು, ದಾರಿ ತಪ್ಪಿಸಿದ್ದು ಮೀಟರ್

ಮನೆಯಲ್ಲಿ ಮಾಡುತ್ತಿದ್ದ ಬಿಯರ್ ವಿಷಯ ಇಲ್ಲಿ ಚಿಕ್ಕಬಳ್ಳಾಪುರದಿಂದ ಕೇಳಿದ್ದವನು ನಾನೇ. ಐದನೇ ದಿನಕ್ಕೆ ಏರ್‌ಲಾಕ್‌ನಲ್ಲಿ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಮುಚ್ಚಳ) ಗುಳ್ಳೆ ನಿಂತಿತ್ತು, ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ಮೀಟರ್ ಮಾತ್ರ 6 ಬ್ರಿಕ್ಸ್‌ಗಿಂತ (ಸಕ್ಕರೆ ಶೇಕಡಾ ಎಷ್ಟು ಅನ್ನುವ ಅಳತೆ) ಕೆಳಗೆ ಇಳಿಯುತ್ತಿರಲಿಲ್ಲ, ಬಾಟಲಿಗೆ ತುಂಬಬಹುದಾ ಅಂತ ಕೇಳಿದ್ದೆ. ನಿನ್ನೆ ತುಂಬಿಯಾಯಿತು.

ಕೆಲಸಕ್ಕೆ ಬಂದದ್ದು "ಹೈಡ್ರೋಮೀಟರ್ ತಗೊಳ್ಳಿ, ಮೂರು ದಿನ ನೋಡಿ" ಅಂದವರ ಮಾತು. ಹೈಡ್ರೋಮೀಟರ್ ಅಂದರೆ ದ್ರವದಲ್ಲಿ ತೇಲಿಬಿಟ್ಟು ಸಾಂದ್ರತೆ ನೋಡುವ ಕೊಳವೆ; ನೀರಿಗೆ 1.000, ಸಕ್ಕರೆ ಇದ್ದಷ್ಟೂ ಜಾಸ್ತಿ. ಸ್ವಲ್ಪ ಬಿಯರ್ ತೆಗೆದು, ಎರಡು ಲೋಟದಲ್ಲಿ ಕಾಫಿ ಆರಿಸುವ ಹಾಗೆ ಎತ್ತಿ ಹೊಯ್ದು ಗ್ಯಾಸ್ ಬಿಡಿಸಿ, ಆಮೇಲೆ ಅಳೆದೆ. ಗುಳ್ಳೆ ಅಂಟಿಕೊಂಡರೆ ಹೈಡ್ರೋಮೀಟರ್ ಮೇಲಕ್ಕೆ ತೇಲಿ ಜಾಸ್ತಿ ತೋರಿಸುತ್ತದೆ. 1.010 ಬಂತು. ಮಾರನೇ ದಿನವೂ 1.010. ಮೂರನೇ ದಿನವೂ ಅಷ್ಟೇ. ಅಂದರೆ ಹುದುಗುವುದು ಮುಗಿದಿತ್ತು.

ಹಾಗಾದರೆ ಆ 6 ಬ್ರಿಕ್ಸ್? ಅದು ನಮ್ಮ ಮಾವನ ದ್ರಾಕ್ಷಿ ತೋಟದ್ದು, ಹಣ್ಣಿಗೆ ಸಿಹಿ ಬಂತಾ ಅಂತ ನೋಡುವ ಮೀಟರ್. ಬರೀ ರಸಕ್ಕೆ ಸರಿ. ಆಲ್ಕೋಹಾಲ್ ಸೇರಿದ ಮೇಲೆ ಬೆಳಕು ಬೇರೆ ಥರ ಬಾಗುತ್ತದೆ, ಇಲ್ಲದ ಸಕ್ಕರೆ ತೋರಿಸುತ್ತದೆ. ಆ ಮೀಟರ್‌ನಲ್ಲಿ ಶುರುವಿನಲ್ಲಿ 12 ಬ್ರಿಕ್ಸ್, ಕೊನೆಗೆ 6 ಅಂದರೆ, ಆಲ್ಕೋಹಾಲ್ ಲೆಕ್ಕ ಹಿಡಿದರೆ ಬರುವುದೇ ಹೆಚ್ಚುಕಡಿಮೆ 1.010! ಸುಮ್ನೆ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ.

ಇಲ್ಲಿ ಕೆಲವರು ಇನ್ನೊಂದು ಸಲ ಯೀಸ್ಟ್ ಹಾಕಿ ಅಂದಿದ್ದರಲ್ವಾ, ಹಾಕಿದೆ, ಒಂದು ಪ್ಯಾಕೆಟ್ ದಂಡ. ಗುಳ್ಳೆ ನಂಬಿಯೂ ಕೆಟ್ಟೆ. ಒಂದು ಮಧ್ಯಾಹ್ನ ರೂಮು ಕಾದಾಗ ಮತ್ತೆ ಬುಳುಬುಳು ಶುರುವಾಯಿತು, ನೋಡಿದರೆ ಅದು ಬಿಯರ್‌ನಲ್ಲಿ ಕರಗಿದ್ದ ಗ್ಯಾಸ್ ಬಿಸಿಗೆ ಹೊರಗೆ ಬರುತ್ತಿದ್ದದ್ದು ಅಷ್ಟೇ.

ಬಾಟಲಿಗಳು ಈಗ ಮಂಚದ ಕೆಳಗೆ ಗೋಣಿಚೀಲ ಹೊದ್ದು ಕೂತಿವೆ. ಎರಡು ವಾರ ಮುಟ್ಟುವ ಹಾಗಿಲ್ಲ.