ಅಪ್‌ಡೇಟ್: ವಾರಕ್ಕೊಂದು ಬರಹದ ಒತ್ತಡ ಏನಾಯಿತು

ವಾರಕ್ಕೊಂದು ಬರಹ ಹಾಕಲೇಬೇಕು ಅನ್ನುವ ಒತ್ತಡದಲ್ಲಿ, ಆನ್‌ಲೈನ್‌ನಲ್ಲಿ ಬರೆಯುತ್ತಿರುವುದು ನನ್ನದೇ ಮಾತು ಅನ್ನಿಸುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ತಿಂಗಳ ವಿಷಯಗಳನ್ನು ಮೊದಲೇ ಪಟ್ಟಿ ಮಾಡಿಡುವ ಸಲಹೆ ನನಗೆ ಒಗ್ಗಲಿಲ್ಲ. ಅದರ ಸರದಿ ಬರುವಷ್ಟರಲ್ಲಿ ವಿಷಯ ಹಳಸಿರುತ್ತಿತ್ತು. ಎಐ ಕೈಲಿ ಬರೆಸಿ ತಿದ್ದುವುದೂ ಅಷ್ಟೇ. ಹೊಸದಾಗಿ ಬರೆಯುವಷ್ಟೇ ಹೊತ್ತು ಹಿಡಿಯಿತು.

ಕೈ ಹಿಡಿದದ್ದು, ಬರೆಯುವುದನ್ನೂ ಪ್ರಕಟಿಸುವುದನ್ನೂ ಬೇರೆ ಬೇರೆ ಮಾಡಿ ಅಂದವರ ಸಲಹೆ. ಈಗ ದಿನಾ ಸ್ವಲ್ಪ ಬರೆದು ಡ್ರಾಫ್ಟ್‌ನಲ್ಲೇ ಇಡುತ್ತೇನೆ. ಕೆಲವು ದಿನ ಬಿಟ್ಟು ಓದಿದಾಗಲೂ ಇದನ್ನು ಹೇಳಬೇಕು ಅನ್ನಿಸಿದರೆ ಮಾತ್ರ ಹಾಕುತ್ತೇನೆ. ಜಾಸ್ತಿ ಡ್ರಾಫ್ಟ್‌ಗಳು ಅಲ್ಲೇ ಕೂತಿವೆ. ಕೂರಲಿ ಬಿಡಿ!

ನನಗೆ ಅಚ್ಚರಿಯಾದದ್ದು ಆರ್‌ಎಸ್‌ಎಸ್ (RSS) ಫೀಡ್, ಅಂದರೆ ಬ್ಲಾಗ್‌ನಂಥ ತಾಣದ ಹೊಸ ಬರಹಗಳನ್ನು ಓದುಗರ ಫೀಡ್ ರೀಡರ್ ಆ್ಯಪ್‌ಗೆ ತಲುಪಿಸುವ ವ್ಯವಸ್ಥೆ. 1999ರಿಂದಲೂ ಇದೆಯಂತೆ, ನಾನು ಗಮನಿಸಿಯೇ ಇರಲಿಲ್ಲ. ಫೀಡ್‌ಗೆ ಸೇರಿದವರಿಗೆ ನಾವು ಯಾವಾಗ ಹಾಕಿದರೂ ಹೊಸ ಬರಹ ತಾನಾಗಿ ಸಿಗುತ್ತದೆ. ಮೂರು ತಿಂಗಳು ಸುಮ್ನೆ ಇದ್ದರೂ ಅವರ ಪಟ್ಟಿಯಿಂದ ನಾವು ಜಾರುವುದಿಲ್ಲ. ಇಮೇಲ್‌ನಲ್ಲಿ ಕಳಿಸಿದರೂ ಹಾಗೇ. ಸೋಶಿಯಲ್ ಮೀಡಿಯಾದಲ್ಲಿ ಯಾರಿಗೆ ಏನು ಕಾಣಬೇಕು ಅನ್ನುವುದು ಅಲ್ಗಾರಿದಮ್ ಕೈಯಲ್ಲಿರುತ್ತದೆ, ಒತ್ತಡ ಹುಟ್ಟುವುದೂ ಅಲ್ಲೇ ಅಲ್ವಾ? ಇದೇ ತೊಂದರೆ ಇರುವವರು ತಮ್ಮ ಬ್ಲಾಗ್‌ನ ಸೆಟ್ಟಿಂಗ್ಸ್‌ನಲ್ಲಿ ಫೀಡ್ ಆನ್ ಆಗಿದೆಯೇ ಒಮ್ಮೆ ನೋಡಿ.