ಅಪ್‌ಡೇಟ್: ಬೊಟಾಕ್ಸ್, ಫಿಲ್ಲರ್ ಮತ್ತು ಹುಬ್ಬು ಎತ್ತುವ ಸರ್ಜರಿ

ಹುಬ್ಬು ಎತ್ತುವ ಸರ್ಜರಿಯ ಜೊತೆಗೇ ಹಣೆಗೆ ಬೊಟಾಕ್ಸ್ (ಸ್ನಾಯು ಸಡಿಲಿಸುವ ಇಂಜೆಕ್ಷನ್), ಕಣ್ಣಿನ ಪಕ್ಕದ ಕುಳಿಗೆ ಫಿಲ್ಲರ್ (ಕುಳಿ ತುಂಬುವ ಜೆಲ್ ಇಂಜೆಕ್ಷನ್) ಹಾಕಿಸಿಕೊಳ್ಳಬಹುದಾ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಸರ್ಜರಿ ಆಗಿ ಈಗ 10 ವಾರ.

ಡಾಕ್ಟರ್ ಮೊದಲು ಕೇಳಿದ್ದೇ ಹಿಂದಿನ ಬೊಟಾಕ್ಸ್ ಯಾವಾಗ ಅಂತ. 2 ತಿಂಗಳ ಹಿಂದೆ ಎಂದೆ. ಹಾಗಾದರೆ ಕಾಯೋಣ ಎಂದರು. ಹುಬ್ಬನ್ನು ಮೇಲೆತ್ತುವುದು ಹಣೆಯ ಸ್ನಾಯು. ಬೊಟಾಕ್ಸ್‌ನಿಂದ ಅದು ಸಡಿಲವಾಗಿದ್ದರೆ ಹುಬ್ಬು ಇರುವುದಕ್ಕಿಂತ ಜಾಸ್ತಿ ಇಳಿದಂತೆ ಕಾಣುತ್ತದೆ. ಆ ಅಳತೆ ನಂಬಿ ಎತ್ತಿದರೆ ತಪ್ಪಾಗುತ್ತದೆ, ಅಲ್ವಾ? ಬೊಟಾಕ್ಸ್‌ನ ಪರಿಣಾಮ ಸಾಮಾನ್ಯವಾಗಿ 3-4 ತಿಂಗಳು ಇರುತ್ತದೆ. ಅದು ಕಳೆದ ಮೇಲೇ ಅಳತೆ ತೆಗೆದರು.

ಆಮೇಲೆ, ಸರ್ಜರಿಗೆ 2 ವಾರ ಮೊದಲು, ಹುಬ್ಬನ್ನು ಕೆಳಗೆಳೆಯುವ ಸ್ನಾಯುಗಳಿಗೆ ಮಾತ್ರ ಬೊಟಾಕ್ಸ್ ಕೊಟ್ಟರು. ಎತ್ತಿದ ಹುಬ್ಬು ಹೊಸ ಜಾಗದಲ್ಲಿ ಕೂರುವ ತನಕ ಕೆಳಗಿನ ಎಳೆತ ಕಮ್ಮಿ ಇರಲಿ ಎಂದು. ಎಲ್ಲರಿಗೂ ಇದು ಬೇಕಾಗುವುದಿಲ್ಲ.

ಫಿಲ್ಲರ್ ಇನ್ನೂ ಹಾಕಿಸಿಲ್ಲ. ಊತ ಪೂರ್ತಿ ಇಳಿಯದೆ ಎಷ್ಟು ಬೇಕೆಂದು ಗೊತ್ತಾಗುವುದಿಲ್ಲ. ನಿಜ ಹೇಳಬೇಕೆಂದರೆ, ಹುಬ್ಬು ಎತ್ತಿದ ಮೇಲೆ ಆ ಕುಳಿ ಮೊದಲಿನಷ್ಟು ಕಣ್ಣಿಗೆ ಬೀಳುತ್ತಿಲ್ಲ. ನೆತ್ತಿಯ ಮುಂಭಾಗ ಇನ್ನೂ ಸ್ವಲ್ಪ ಜೋಮು ಹಿಡಿದಂತಿದೆ, ನಿಧಾನಕ್ಕೆ ಕಮ್ಮಿಯಾಗುತ್ತಿದೆ.