ಪ್ಲಾಂಟೆಡ್ ಟ್ಯಾಂಕಿನ ಎಲೆಕ್ಟ್ರೋಲಿಸಿಸ್ ಯುನಿಟ್: ಜಾಲರಿಗೆ ಬಿಳಿ ಪದರ, ಈಗ ಸೀಗಡಿ ಬೇರೆ ಸಾಯ್ತಿವೆ

ಬೋರ್‌ವೆಲ್ ಬೆಟ್ಟಾ (ಯಲಹಂಕ):

ಎಲ್ಲರಿಗೂ ನಮಸ್ಕಾರ. ನನ್ನದು ಎರಡಡಿ ಪ್ಲಾಂಟೆಡ್ ಟ್ಯಾಂಕ್ (ಗಿಡ ಬೆಳೆಸೋ ಅಕ್ವೇರಿಯಂ), ನೀರು ಸುಮಾರು 60 ಲೀಟರ್. ಮುಂದೆ ಮಾಂಟೆ ಕಾರ್ಲೋ ಹಾಸು, ಹಿಂದೆ ರೊಟಾಲಾ, ಕಟ್ಟಿಗೆ ಮೇಲೆ ಬ್ಯೂಸಿಫಲಾಂಡ್ರಾ. ಸಿಲಿಂಡರ್ ಸಿಓ2, ಕ್ಯಾನಿಸ್ಟರ್ ಫಿಲ್ಟರ್. ಎಂಬರ್ ಟೆಟ್ರಾ ಮೀನು ಮತ್ತು ಚೆರ್ರಿ ಸೀಗಡಿ ಇವೆ.

ಪಾಚಿ ಕಾಟಕ್ಕೆ ಎಲೆಕ್ಟ್ರೋಲಿಸಿಸ್ ಸ್ಟೆರಿಲೈಸರ್ ಹಾಕಿದೆ, ನೀರೊಳಗಿನ ಲೋಹದ ಜಾಲರಿಗೆ ಕರೆಂಟ್ ಕೊಟ್ಟು ಕ್ರಿಮಿ ಕೊಲ್ಲೋ ಸಾಧನ. ಆನ್‌ಲೈನ್‌ನಲ್ಲಿ ಸಿಗೋ ಸಾಮಾನ್ಯ ಯುನಿಟ್ಟು, 12 ವೋಲ್ಟ್ ಅಡಾಪ್ಟರ್. ಗಂಟೆಗೆ ಎರಡು ನಿಮಿಷ ಓಡೋ ಹಾಗೆ ಸೆಟ್ ಮಾಡಿದೀನಿ. ಮೊದಮೊದಲು ಸಾಂಬ್ರಾಣಿ ಹೊಗೆ ಎದ್ದ ಹಾಗೆ ಸಣ್ಣ ಗುಳ್ಳೆ ಏಳ್ತಿತ್ತು, ನೋಡೋಕೇ ಖುಷಿ. ಬೇಸಿಗೆ ಶುರುವಾಗಿ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ನೀರು ಬರೋಕೆ ಹತ್ತಿದ ಮೇಲೆ ಜಾಲರಿ ವಾರದೊಳಗೆ ಬೆಳ್ಳಗಾಗ್ತಿದೆ. ಗುಳ್ಳೆ ದಪ್ಪ ದಪ್ಪ, ಅದೂ ಒಂದೇ ಮೂಲೆಯಿಂದ.

ಈ ನಡುವೆ ಟೆಟ್ರಾಗಳಿಗೆ ಬಿಳಿ ಚುಕ್ಕೆ ರೋಗ ಬಂತು ಅಂತ ಕಲ್ಲುಪ್ಪು ಹಾಕಿದೆ, ಲೀಟರ್‌ಗೆ ಒಂದು ಗ್ರಾಂ ಲೆಕ್ಕದಲ್ಲಿ. ಆಶ್ಚರ್ಯ ಅಂದ್ರೆ ಉಪ್ಪು ಹಾಕಿದ ದಿನದಿಂದ ಗುಳ್ಳೆ ಮತ್ತೆ ಜೋರಾಗಿದೆ. ಆದರೆ ಸೀಗಡಿಗಳು ಗಾಜಿನ ಉದ್ದಕ್ಕೂ ಓಡಾಡ್ತವೆ, ದಿನಾ ಬೆಳಿಗ್ಗೆ ಒಂದೋ ಎರಡೋ ಸತ್ತಿರ್ತವೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಯುನಿಟ್ ಕೆಟ್ಟಿದೆಯಾ?

ಪಾಚಿವೈರಿ:

ಗುರು, ಅದನ್ನ ತೆಗೆದು ಒಎಲ್‌ಎಕ್ಸ್‌ಗೆ ಹಾಕು. ಆ ದುಡ್ಡಿಗೆ ಒಳ್ಳೆ ಯುವಿ (ನೇರಳಾತೀತ ಬೆಳಕಿನ) ಸ್ಟೆರಿಲೈಸರ್ ಬರುತ್ತೆ. ಫಿಲ್ಟರ್‌ನಿಂದ ಬರೋ ನೀರೆಲ್ಲ ಯುವಿ ಬಲ್ಬ್ ಮುಂದೆ ಹಾದು ಹೋಗುತ್ತೆ. ಈ ಜಾಲರಿ ಟ್ಯಾಂಕಿನ ಒಂದು ಮೂಲೇಲಿ ಕೂತು ಗುಳ್ಳೆ ಬಿಟ್ಟರೆ ಇನ್ನೊಂದು ಮೂಲೆ ಪಾಚಿಗೆ ಏನು ಗೊತ್ತಾಗುತ್ತೆ?

ಕಡಲತೀರದ ಗಪ್ಪಿ (ಮಂಗಳೂರು):

ನಿಮ್ಮದಾದರೂ ಗುಳ್ಳೆ ಬರ್ತದೆ ಮಾರಾಯ್ರೆ. ನಮ್ಮಲ್ಲಿ ಬಾವಿ ನೀರು, ಟಿಡಿಎಸ್ (ಕರಗಿದ ಲವಣದ ಅಳತೆ) 45. ಯುನಿಟ್ ಹಾಕಿ ಎಷ್ಟು ಸಮಯ ಆದರೂ ಜಾಲರಿ ಹೊಸತರ ಹಾಗೆಯೇ ಉಂಟು. ಆದರೆ ಗುಳ್ಳೆ ಎಂತದೂ ಇಲ್ಲ, ಕಣ್ಣು ಹತ್ತಿರ ತಂದು ನೋಡಬೇಕು. ಅಂಗಡಿಯವರು ಬದಲಿಸಿ ಕೊಟ್ಟ ಎರಡನೆಯದೂ ಹಾಗೆಯೇ.

ನೀರ್‌ಗಂಟಿ:

ಬೆಟ್ಟಾ ಸರ್, ಮೊದಲು ಯುನಿಟ್ಟಿನ ಪ್ಲಗ್ ಕಿತ್ತಿಡಿ. ಉಳಿದಿದ್ದು ಆಮೇಲೆ ಮಾತಾಡೋಣ. ಸೀಗಡಿ ಸಾಯ್ತಿರುವಾಗ ಅದು ಓಡಬೇಕಾದ್ದಿಲ್ಲ, ನಾಲ್ಕು ದಿನ ನಿಂತರೆ ಟ್ಯಾಂಕಿಗೆ ಏನೂ ಆಗಲ್ಲ.

ಆಮೇಲೆ ಇಷ್ಟು ಹೇಳಿ: ಟ್ಯಾಂಕರ್ ನೀರಿನ ಟಿಡಿಎಸ್ ಎಷ್ಟು, ಜಿಎಚ್ (ಗಡಸುತನ) ಎಷ್ಟು, ಟ್ಯಾಂಕಿನದು ಈಗ ಎಷ್ಟು. ಗೊಬ್ಬರ ಯಾವುದು, ಬಾಟ್ಲಿಯದಾ ಇಲ್ಲ ಪುಡಿ ತಂದು ನೀವೇ ಕಲಸೋದಾ. ಜಾಲರಿ ಹೊರಗೆ ತೆಗೆದು ಎರಡೂ ಕಡೆ ನೋಡಿ, ಎರಡೂ ಬೆಳ್ಳಗಿವೆಯಾ, ಒಂದೇ ಕಡೆನಾ. ಗಪ್ಪಿ ಅವರೇ, ನಿಮ್ಮ ಎರಡೂ ಯುನಿಟ್ ಸರಿಯಾಗೇ ಇವೆ ಅನ್ಸುತ್ತೆ. ನಿಮ್ಮ ವಿಷಯಕ್ಕೂ ಬರ್ತೀನಿ.

ಬೋರ್‌ವೆಲ್ ಬೆಟ್ಟಾ:

ಟ್ಯಾಂಕರ್ ನೀರು 870 ಪಿಪಿಎಂ, ಜಿಎಚ್ 22 ಡಿಗ್ರಿ. ಟ್ಯಾಂಕ್ ಉಪ್ಪು ಹಾಕಿದ ಮೇಲೆ 1900 ತೋರಿಸ್ತಿದೆ. ಗೊಬ್ಬರ ಪುಡಿ ಕಲಸೋದೇ. ಪೊಟ್ಯಾಶಿಯಂಗೆ ಗೊಬ್ಬರದಂಗಡಿ ಎಂಒಪಿ. ಜಾಲರಿ ಒಂದು ಪದರ ಪೂರ್ತಿ ಬಿಳಿ, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತೆ. ಇನ್ನೊಂದು ಪದರಕ್ಕೆ ಚಹಾ ಕಲೆ ಥರ ಕಂದು ಬಣ್ಣ.

ನೀರ್‌ಗಂಟಿ:

ಉತ್ತರ ನಿಮ್ಮ ನೀರಲ್ಲೇ ಇದೆ. ನಾನು ಪೀಣ್ಯದಲ್ಲಿ ಪ್ಲೇಟಿಂಗ್ ಕೆಲಸ ಮಾಡೋನು, ಆನೋಡು ಕ್ಯಾಥೋಡು ಮುಂದೆ ದಿನಾ ನಿಲ್ಲೋದು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ.

ಜಾಲರಿಯಲ್ಲಿ ಎರಡು ಪದರ ಇರುತ್ತೆ. ಕ್ಯಾಥೋಡ್ (ಮೈನಸ್) ಕಡೆ ಹೈಡ್ರೋಜನ್ ಬಿಡುಗಡೆ, ಆನೋಡ್ (ಪ್ಲಸ್) ಕಡೆ ಆಮ್ಲಜನಕ. ಹೈಡ್ರೋಜನ್ ಗಾತ್ರದಲ್ಲಿ ಎರಡರಷ್ಟು, ಅದಕ್ಕೇ ಹೆಚ್ಚು ಗುಳ್ಳೆ ಬರೋ ಕಡೆ ಕ್ಯಾಥೋಡ್ ಅಂತ ಕಣ್ಣಲ್ಲೇ ಹೇಳಬಹುದು. ಹೈಡ್ರೋಜನ್ ಹೋದ ಜಾಗದಲ್ಲಿ ಕ್ಷಾರ ಉಳಿಯುತ್ತೆ. ಟ್ಯಾಂಕಿನ ಪಿಎಚ್ 6.8 ಇದ್ದರೂ ಆ ತಂತಿಗೆ ಅಂಟಿದ ನೀರಿನ ಪದರದಲ್ಲಿ ತುಂಬಾ ಮೇಲೆ ಹೋಗುತ್ತೆ. ನೀರಲ್ಲಿ ಕ್ಯಾಲ್ಸಿಯಂ, ಬೈಕಾರ್ಬನೇಟ್ ಜಾಸ್ತಿ ಇದ್ದರೆ ಅಲ್ಲೇ ಸುಣ್ಣ ಕಟ್ಟುತ್ತೆ. ನಿಮ್ಮ ಗೀಸರ್ ಕಾಯಿಲ್ ಮೇಲೆ ಕೂರೋದೂ ಅದೇ. 22 ಡಿಗ್ರಿ ಅಂದ್ರೆ ಲೀಟರ್‌ಗೆ ಸುಮಾರು 390 ಮಿಲಿಗ್ರಾಂ ಗಡಸುತನ. ಕುಡಿಯೋ ನೀರಿಗೆ ಐಎಸ್ 10500 ಹೇಳೋ ಅಪೇಕ್ಷಿತ ಮಿತಿ 200. ವಾರದಲ್ಲಿ ಬೆಳ್ಳಗಾಗೋದ್ರಲ್ಲಿ ವಿಚಿತ್ರ ಏನೂ ಇಲ್ಲ. ಕಂದು ಕಲೆ ಆನೋಡಿನದು, ಬೋರ್‌ವೆಲ್ ನೀರಿನ ಅಥವಾ ನಿಮ್ಮ ಮೈಕ್ರೋ ಗೊಬ್ಬರದ ಕಬ್ಬಿಣ, ಮ್ಯಾಂಗನೀಸ್ ಅಲ್ಲಿ ಆಕ್ಸೈಡ್ ಆಗಿ ಕೂತಿದೆ.

ಈಗ ಸೀಗಡಿ. ನೀರಲ್ಲಿ ಕ್ಲೋರೈಡ್ ಇದ್ದರೆ ಆನೋಡಿನಲ್ಲಿ ಆಮ್ಲಜನಕದ ಜೊತೆ ಕ್ಲೋರಿನ್ ಕೂಡ ಹುಟ್ಟುತ್ತೆ, ನೀರಿಗೆ ಸೇರಿ ಹೈಪೋಕ್ಲೋರಸ್ ಆಮ್ಲ ಆಗುತ್ತೆ. ಈ ಯುನಿಟ್‌ಗಳು ಕ್ರಿಮಿ ಕೊಲ್ಲೋದರಲ್ಲಿ ಅದರ ಪಾಲೂ ಇದೆ, ಸ್ವಲ್ಪ ಇದ್ದರೆ ತೊಂದರೆ ಇಲ್ಲ. ನಿಮ್ಮಲ್ಲಿ ಕ್ಲೋರೈಡ್ ಎರಡು ಬಾಗಿಲಿಂದ ಬಂದಿದೆ. ಎಂಒಪಿ ಅಂದ್ರೆ ಪೊಟ್ಯಾಶಿಯಂ ಕ್ಲೋರೈಡ್, ವಾರ ವಾರ ಹಾಕಿದ್ದು ಸೇರ್ತಾ ಹೋಗುತ್ತೆ. ಅದರ ಮೇಲೆ ಕಲ್ಲುಪ್ಪು, ಲೀಟರ್‌ಗೆ ಒಂದು ಗ್ರಾಂ ಉಪ್ಪಲ್ಲಿ 600 ಮಿಲಿಗ್ರಾಂ ಕ್ಲೋರೈಡ್. ಆ ಉಪ್ಪನ್ನ ಬರಿದೇ ಹಾಕಿದ್ದರೆ ಚೆರ್ರಿ ತಡ್ಕೊಳ್ತಿತ್ತು. ಯುನಿಟ್ ಓಡ್ತಿರುವಾಗ ಹಾಕಿದ್ದರಿಂದ ಕಥೆ ಬೇರೆ. ಉಪ್ಪಿನಿಂದ ವಾಹಕತೆ ಎರಡರಷ್ಟಾಗಿ ಕರೆಂಟೂ ಏರಿತು, ಗುಳ್ಳೆ ಜೋರಾಗಿದ್ದು ಅದಕ್ಕೇ. ಏರಿದ ಕರೆಂಟಿನಲ್ಲಿ ಕ್ಲೋರಿನ್‌ಗೆ ಹೋಗೋ ಪಾಲೂ ಏರಿತು.

ಲೆಕ್ಕ ನೋಡಿ. 1 ಆಂಪಿಯರ್ ಒಂದು ಗಂಟೆ ಹರಿದು ಪೂರ್ತಿ ಕ್ಲೋರಿನ್‌ಗೇ ಹೋದರೆ 1.3 ಗ್ರಾಂ ಕ್ಲೋರಿನ್. ನಿಮ್ಮದು ಅರ್ಧ ಆಂಪಿಯರ್ ಅಂತ ಇಟ್ಕೊಳ್ಳೋಣ, ದಿನಕ್ಕೆ 48 ನಿಮಿಷ ಓಟ. ನೂರರಲ್ಲಿ ಎರಡೇ ಪಾಲು ಕ್ಲೋರಿನ್ ಆದರೂ ದಿನಕ್ಕೆ ಸುಮಾರು 10 ಮಿಲಿಗ್ರಾಂ, 60 ಲೀಟರಿಗೆ 0.17 ಪಿಪಿಎಂ. ನಲ್ಲಿ ನೀರಲ್ಲಿ ಕನಿಷ್ಠ ಇರಬೇಕು ಅನ್ನೋ ಉಳಿಕೆ ಕ್ಲೋರಿನ್ 0.2, ಅದನ್ನೇ ನಾವು ಆಂಟಿ ಕ್ಲೋರಿನ್ ಹಾಕಿ ಕೊಂದು ಟ್ಯಾಂಕಿಗೆ ಬಿಡ್ತೀವಿ. ಎಲೆ, ಕೊಳೆ, ಬ್ಯಾಕ್ಟೀರಿಯಾ ಒಂದಷ್ಟನ್ನ ತಿಂದು ಹಾಕುತ್ತೆ ನಿಜ. ಪಾಲು ಹತ್ತಾದರೆ?

ಊಹೆ ಬೇಡ, ಅಳೆದು ನೋಡಿ. ಪಂಚಾಯಿತಿ ನೀರುಗಂಟಿಗಳ ಹತ್ತಿರ ಇರೋ ಕ್ಲೋರೋಸ್ಕೋಪ್ ಅಥವಾ ಈಜುಕೊಳದ ಓಟಿಓ ಹನಿ ಯಾವುದಾದ್ರೂ ಆಗುತ್ತೆ, ಕ್ಲೋರಿನ್ ಇದ್ದರೆ ನೀರು ಹಳದಿಯಾಗುತ್ತೆ. ಸೀಗಡಿನ ಬೇರೆ ಬಕೆಟ್‌ಗೆ ಹಾಕಿ, ಯುನಿಟ್ ಒಂದು ಸಲ ಓಡಿಸಿ, ನಿಂತ ತಕ್ಷಣ ಅದರ ಪಕ್ಕದ ನೀರು ತಗೊಳ್ಳಿ. ಟ್ಯಾಂಕರ್ ನೀರನ್ನೂ ನೋಡಿ, ಅದರಲ್ಲೇ ಕ್ಲೋರಿನ್ ಇದ್ದರೆ ನನ್ನ ವಾದ ಬಿದ್ದು ಹೋಯ್ತು.

ಬೋರ್‌ವೆಲ್ ಬೆಟ್ಟಾ:

ನೋಡಿದೆ. ಟ್ಯಾಂಕರ್ ನೀರಿಗೆ ಬಣ್ಣವೇ ಬರಲಿಲ್ಲ. ಯುನಿಟ್ ನಿಲ್ಲಿಸಿಟ್ಟ ಟ್ಯಾಂಕಿನ ನೀರಿಗೂ ಇಲ್ಲ. ಓಡಿಸಿ ಪಕ್ಕದಿಂದ ತೆಗೆದಿದ್ದು ನಿಂಬೆ ಹಳದಿ. ಇನ್ನೊಂದು ತುದಿಯಲ್ಲಿ ತೆಗೆದಿದ್ದು ತೀರಾ ತಿಳಿ, ಬಿಳಿ ಹಾಳೆ ಹಿಡಿದು ನೋಡಿದರೆ ಗೊತ್ತಾಗುತ್ತೆ. ನಿಲ್ಲಿಸಿದ ಮೇಲೆ ಸೀಗಡಿ ಓಡಾಟವೂ ನಿಂತಿದೆ. ಮುಂದೆ?

ನೀರ್‌ಗಂಟಿ:

ಉಪ್ಪು ಇಳಿಸಿ, ಆತುರ ಬೇಡ. ದಿನ ಬಿಟ್ಟು ದಿನ ಹತ್ತರಲ್ಲಿ ಒಂದು ಪಾಲು ನೀರು ಬದಲಾಯಿಸಿ. ಟಿಡಿಎಸ್ ಒಂದೇ ಸಲ ಕುಸಿದರೆ ಸೀಗಡಿಗೆ ಪೊರೆ ಕಳಚೋ ಹೊತ್ತಲ್ಲಿ ತೊಂದರೆ. ಹೊಸ ನೀರು ಬರೀ ಟ್ಯಾಂಕರ್‌ದು ಬೇಡ. ಅಡುಗೆಮನೆ ಆರ್‌ಓ ನೀರು ಎರಡು ಪಾಲು, ಟ್ಯಾಂಕರ್ ಒಂದು ಪಾಲು ಬೆರೆಸಿ. ಜಿಎಚ್ 7ರ ಹತ್ತಿರ, ಟಿಡಿಎಸ್ 300 ಚಿಲ್ಲರೆ ಬರುತ್ತೆ. ಗಿಡ, ಸೀಗಡಿ, ಜಾಲರಿ ಮೂರಕ್ಕೂ ಹಿತ. ಆರ್‌ಓಗೆ ಟಿಡಿಎಸ್ ಕಂಟ್ರೋಲರ್ ತಿರುಪು ಇದ್ದರೆ ಎಷ್ಟು ತೆರೆದಿದೆ ನೋಡ್ಕೊಳ್ಳಿ, ಅದು ಹಸಿ ನೀರನ್ನೇ ಬೆರೆಸಿ ಕೊಡ್ತಿರುತ್ತೆ.

ಎಂಒಪಿ ಬದಲು ಪೊಟ್ಯಾಶಿಯಂ ಸಲ್ಫೇಟ್ ತನ್ನಿ, ಗೊಬ್ಬರದಂಗಡೀಲಿ ಎಸ್‌ಒಪಿ ಅಂದ್ರೆ ಕೊಡ್ತಾರೆ. ಇನ್ನು ಮುಂದೆ ಉಪ್ಪು ಹಾಕೋ ಚಿಕಿತ್ಸೆ ಇದ್ದಾಗ ಯುನಿಟ್ ಬಂದ್. ಬೇರೆ ಔಷಧಿ ಹಾಕಿದಾಗಲೂ ಬಂದ್, ಮಲಾಕೈಟ್ ಗ್ರೀನ್, ಮೆಥಿಲೀನ್ ಬ್ಲೂ ಥರದ ಬಣ್ಣದ ಔಷಧಿಗಳನ್ನ ಆನೋಡ್ ಒಡೆದು ಹಾಕುತ್ತೆ.

ಜಾಲರಿ ತೊಳೆಯೋದು ಹೀಗೆ. ಪ್ಲಗ್ ಕಿತ್ತು, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ. ಜಾಲರಿ ಭಾಗ ಮಾತ್ರ ಮುಳುಗಲಿ, ವೈರಿನ ಜಾಯಿಂಟ್ ಮೇಲಿರಲಿ. ಬುಸ್ ಅಂತ ನೊರೆ ಏಳುತ್ತೆ, ಅದು ಸುಣ್ಣ ಕರಗ್ತಿರೋದು. ನೊರೆ ನಿಂತ ಮೇಲೂ ಬಿಳಿ ಉಳಿದಿದ್ದರೆ ಆ ನೀರು ಚೆಲ್ಲಿ ಹೊಸದು ಮಾಡಿ. ಕಂದು ಕಲೆ ಬರೀ ನಿಂಬೆ ಉಪ್ಪಿಗೆ ಅಷ್ಟಾಗಿ ಹೋಗಲ್ಲ. ಚಿಟಿಕೆ ವಿಟಮಿನ್ ಸಿ ಪುಡಿ ಸೇರಿಸಿ, ಮ್ಯಾಂಗನೀಸ್ ಕಣ್ಣೆದುರೇ ಬಿಡುತ್ತೆ. ಆಮೇಲೆ ಬೇಕಾದ್ರೆ ಮಗುವಿನ ಮೆತ್ತನೆ ಬ್ರಷ್ಷಲ್ಲಿ ಒಂದು ಕೈ. ಸ್ಟೀಲ್ ನಾರು, ಪಿನ್ನು, ಬ್ಲೇಡು ಏನೂ ಮುಟ್ಟಿಸಬೇಡಿ. ಆಸಿಡ್‌ನಲ್ಲಿ ನೆನೆಸಿರೋ ಪಾತ್ರೆಗೆ ಬ್ಲೀಚ್ ಹಾಕೋ ಐಡಿಯಾ ಯಾರಾದ್ರೂ ಕೊಟ್ಟರೆ ಕೇಳಬೇಡಿ, ಕ್ಲೋರಿನ್ ಗ್ಯಾಸ್ ಮೂಗಿಗೇ ಬರುತ್ತೆ.

ಜಾಗದ ವಿಷಯ: ತಳಕ್ಕೆ ಹತ್ತಿರ, ಫಿಲ್ಟರ್‌ನಿಂದ ನೀರು ಹೊರಬೀಳೋ ಹರಿವು ತಾಗೋ ಹಾಗೆ ಇಡಿ. ಫಿಲ್ಟರ್ ನೀರು ಎಳ್ಕೊಳ್ಳೋ ಪೈಪ್ ಪಕ್ಕ ಬೇಡ. ಗುಳ್ಳೆ ಕ್ಯಾನಿಸ್ಟರ್‌ನಲ್ಲಿ ಸೇರಿ ಗಡಗಡ ಅನ್ನುತ್ತೆ, ಕ್ಲೋರಿನ್ ನೇರ ಫಿಲ್ಟರ್ ಬ್ಯಾಕ್ಟೀರಿಯಾಗೆ ಹೋಗುತ್ತೆ.

ಪಾಚಿವೈರಿ:

ಲೆಕ್ಕ ಒಪ್ಪಿದೆ. ಆದ್ರೆ ಇಷ್ಟೆಲ್ಲ ಸೇವೆ ಮಾಡಿ ಪಾಚಿ ಹೋಗುತ್ತಾ? ನನ್ನ ಕಟ್ಟಿಗೆ ಮೇಲಿನ ಕಪ್ಪು ಗಡ್ಡ ಪಾಚಿಗೆ ಇದನ್ನ ಹಾಕಿದ್ದೆ, ಅದಕ್ಕೆ ಶೇವಿಂಗ್ ಕೂಡ ಆಗಲಿಲ್ಲ.

ನೀರ್‌ಗಂಟಿ:

ಆಗಲ್ಲ ಸರ್. ಅಂಟಿ ಬೆಳೆದಿರೋ ಪಾಚಿಗೆ ಇದು ಏನೂ ಮಾಡಲ್ಲ, ಯುವಿನೂ ಮಾಡಲ್ಲ. ಎರಡೂ ಮುಟ್ಟೋದು ನೀರಲ್ಲಿ ತೇಲಿಕೊಂಡು ಬಂದಿದ್ದನ್ನ ಮಾತ್ರ. ನೀರೇ ಹಸಿರಾಗಿದ್ದರೆ ನಾನೂ ಯುವಿಗೇ ಓಟು ಹಾಕ್ತೀನಿ. ಹೊಸ ಟ್ಯಾಂಕ್ ಶುರು ಮಾಡಿದ ಮೊದಲ ವಾರಗಳಲ್ಲಿ ಈ ಯುನಿಟ್ ಇಷ್ಟ ನನಗೆ, ಪೈಪ್ ಕತ್ತರಿಸೋ ರಗಳೆ ಇಲ್ಲ. ಗಡ್ಡ ಪಾಚಿಗೆ ಸಿಓ2 ಏರಿಳಿತ ನೋಡಿ, ಹರಿವು ನೋಡಿ, ಕಟ್ಟಿಗೆ ಹೊರಗೆ ತೆಗೆದು ಹೈಡ್ರೋಜನ್ ಪೆರಾಕ್ಸೈಡ್ ಬಳಿಯಿರಿ. ಇನ್ನೊಂದು: ಎಲೆ ಮೇಲೆ ಕೂತ ಈ ಗುಳ್ಳೆಗಳನ್ನ ಪರ್ಲಿಂಗ್ (ಗಿಡವೇ ಬಿಡೋ ಆಮ್ಲಜನಕದ ಗುಳ್ಳೆ) ಅಂತ ಫೋಟೋ ಹಾಕೋರು ಇದ್ದಾರೆ. ಯುನಿಟ್ ಬಂದ್ ಮಾಡಿ ಒಂದು ಗಂಟೆ ಬಿಟ್ಟು ಫೋಟೋ ತೆಗೀರಪ್ಪ.

ಬೋರ್‌ವೆಲ್ ಬೆಟ್ಟಾ:

ತೊಳೆದೆ. ಬಿಳಿ, ಕಂದು ಎರಡೂ ಹೋಯ್ತು, ಲೋಹ ಹೊಳೀತಿದೆ. ಟಿಡಿಎಸ್ 700ಕ್ಕೆ ಇಳಿದಿದೆ, ಸೀಗಡಿ ಸಾವು ನಿಂತಿದೆ. ಆದರೆ ಲೋಟದಲ್ಲಿ ಇಟ್ಟು ಓಡಿಸಿದರೆ ಜಾಲರಿಯ ಒಂದು ಭಾಗದಲ್ಲಿ ಗುಳ್ಳೆಯೇ ಇಲ್ಲ. ಅಲ್ಲಿ ಹಳೇ ಗೀರುಗಳಿವೆ, ಕಂದು ಕಲೆ ಕೆರೆದಾಗಿನವು. ಮತ್ತೆ ಹೆಚ್ಚು ಗುಳ್ಳೆ ಯಾವಾಗಲೂ ಒಂದೇ ಕಡೆಯಿಂದ.

ನೀರ್‌ಗಂಟಿ:

ಎರಡೂ ಕೆಲಸಕ್ಕೆ ಬರೋ ಮಾಹಿತಿ. ಒಳ್ಳೆ ಜಾಲರಿ ಟೈಟಾನಿಯಂ, ಮೇಲೆ ಪ್ಲಾಟಿನಂ ಥರದ ಲೋಹದ ತೆಳು ಲೇಪ. ಲೇಪ ಹೋದ ಜಾಗದಲ್ಲಿ ಬರೀ ಟೈಟಾನಿಯಂ ಆನೋಡ್ ಆದಾಗ ತನ್ನ ಮೇಲೆ ತಾನೇ ಆಕ್ಸೈಡ್ ಹೊದ್ದುಕೊಂಡು ಕರೆಂಟ್ ಬಿಡಲ್ಲ. ಆ ಭಾಗ ಸತ್ತ ಹಾಗೇ. ಟೈಟಾನಿಯಂ ಆದ್ದರಿಂದ ನೀರಿಗೆ ವಿಷ ಬಿಡಲ್ಲ, ಉಳಿದ ಭಾಗ ಓಡ್ತಿದ್ದರೆ ಓಡಲಿ. ಬದಲಿ ಜಾಲರಿ ತರೋದಾದ್ರೆ ಅಯಸ್ಕಾಂತ ಹಿಡಿದು ನೋಡಿ ಅಂತ ಕೆಲವರು ಹೇಳ್ತಾರೆ, ಅದು ಸಾಲದು. 304 ಸ್ಟೀಲೂ ಅಷ್ಟಾಗಿ ಅಂಟಲ್ಲ. ಲೋಟದಲ್ಲಿ ನಾಲ್ಕೈದು ಸಲ ಓಡಿಸಿ, ಹೊಸ ಜಾಲರಿಯಿಂದ ನೀರು ತುಕ್ಕು ಬಣ್ಣಕ್ಕೆ ತಿರುಗಿದರೆ ಸ್ಟೀಲು. ಅದು ಟ್ಯಾಂಕಿಗೆ ಬೇಡವೇ ಬೇಡ, ಕಬ್ಬಿಣದ ಜೊತೆ ನಿಕಲ್, ಕ್ರೋಮಿಯಂ ಕೂಡ ಕರಗಿ ಬರುತ್ತೆ.

ಗುಳ್ಳೆ ಒಂದೇ ಕಡೆ ಅಂದ್ರೆ ನಿಮ್ಮ ಕಂಟ್ರೋಲರ್ ಧ್ರುವ ಬದಲಾಯಿಸ್ತಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಪ್ರತಿ ಓಟಕ್ಕೂ ಪ್ಲಸ್ ಮೈನಸ್ ಅದಲು ಬದಲಾಗುತ್ತೆ, ಕಟ್ಟಿದ ಸುಣ್ಣ ತಾನೇ ಉದುರುತ್ತೆ. ನಿಮ್ಮದರಲ್ಲಿ ಆ ಸೌಲಭ್ಯ ಇಲ್ಲ. ಎರಡೂ ಪದರಕ್ಕೆ ಲೇಪ ಇದೆ ಅಂತ ಖಾತ್ರಿ ಇಲ್ಲದೆ ವೈರ್ ತಿರುಗಿಸಿ ಹಾಕೋ ಸಾಹಸ ಬೇಡ. ಎರಡು ವಾರಕ್ಕೊಮ್ಮೆ ನಿಂಬೆ ಉಪ್ಪಿನ ಸ್ನಾನ ಮಾಡಿಸಿ. ಸೀಗಡಿ ಇರೋದ್ರಿಂದ ಓಟ ಗಂಟೆಗೆ ಎರಡು ನಿಮಿಷದ ಬದಲು ಎರಡು ಗಂಟೆಗೆ ಒಂದು ನಿಮಿಷಕ್ಕೆ ಇಳಿಸಿ, ಮತ್ತೆ ಓಟಿಓ ಹನಿ ಹಾಕಿ ನೋಡಿ. ಇನ್ನೊಂದು ತುದಿಯ ನೀರಿಗೆ ಬಣ್ಣ ಬರಬಾರದು.

ಕಡಲತೀರದ ಗಪ್ಪಿ:

ನನ್ನದು ಮರೆತೇ ಹೋಯಿತಾ ಹೇಗೆ?

ನೀರ್‌ಗಂಟಿ:

ಮರೆತಿಲ್ಲ ಗಪ್ಪಿ ಅವರೇ. ನಿಮ್ಮ ಮುರಕಲ್ಲಿನ ಬಾವಿ ನೀರಲ್ಲಿ ಕರೆಂಟ್ ಹರಿಯೋಕೆ ಲವಣವೇ ಇಲ್ಲ. ಒಂದು ಲೋಟ ನೀರಿಗೆ ಎಪ್ಸಮ್ ಸಾಲ್ಟ್ ಚಿಟಿಕೆ ಹಾಕಿ ಓಡಿಸಿ ನೋಡಿ, ಗುಳ್ಳೆ ಎದ್ದರೆ ಯುನಿಟ್ ಸರಿ ಇದೆ. ಟ್ಯಾಂಕಿಗೆ ಕ್ಯಾಲ್ಸಿಯಂ ಸಲ್ಫೇಟ್, ಮೆಗ್ನೀಶಿಯಂ ಸಲ್ಫೇಟ್‌ನಿಂದ ಜಿಎಚ್ 5ರ ಸುತ್ತ ತನ್ನಿ, ಗಿಡಕ್ಕೂ ಬೇಕಾದ್ದೇ. ಅಂಗಡಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಕೊಡೋಕೆ ಬಂದರೆ ಬೇಡ ಅನ್ನಿ. ಯಾಕೆ ಅಂತ ಬೆಟ್ಟಾ ಸರ್ ಹೇಳ್ತಾರೆ.

ಕಡಲತೀರದ ಗಪ್ಪಿ:

ಲೋಟದಲ್ಲಿ ಈಗಷ್ಟೇ ಹಾಕಿ ನೋಡಿದೆ, ಭರ್ತಿ ಗುಳ್ಳೆ ಬಂತು. ಪಾಪ ಅಂಗಡಿಯವರು, ಸುಮ್ಮನೆ ಬದಲಿಸಿ ಕೊಟ್ಟರು.